ತಲೆಗೆ ಕಟ್ಟಿಕೊಂಡು ಹಾರಿದವಳು

ಕಾಶಿಯ ಗೋದೌಲಿಯಾದ ಗದ್ದಲದಿಂದ ಒಳಗೆ ಸರಿದ ಆ ಮಠದ ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗವೊಂದಿತ್ತು. ಸ್ವಾಮಿಗಳ ಕಾವಿ, ಯಾತ್ರೆಗೆ ಬಂದವರ ಇಳಕಲ್ ಸೀರೆ, ದಾಸೋಹದ ಅಡುಗೆಮನೆಯ ಅರಿವೆ ಎಲ್ಲವೂ ಅದರ ಮೇಲೆಯೇ. ಒದ್ದೆ ಬಟ್ಟೆಯ ಭಾರಕ್ಕೆ ಹಗ್ಗ ನಡುವೆ ಜೋತು ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಮಠದ ಮಕ್ಕಳು ಅದರ ಅಡಿಯಿಂದ ತಲೆ ಬಗ್ಗಿಸಿ ನುಸುಳುತ್ತಿದ್ದರು. ಸಂಗಯ್ಯನವರ ಮಗಳು ಶರಣಬಸಮ್ಮ ಮಾತ್ರ ಮೇಲಿಂದ ಹೋಗುತ್ತಿದ್ದಳು. ಓಡಿ ಬಂದು, ಒಂದು ಕಾಲು ಮೊದಲು, ಇನ್ನೊಂದು ಅದರ ಹಿಂದೆ, ಕತ್ತರಿ ತೆರೆದು ಮುಚ್ಚಿದ ಹಾಗೆ. ಬಟ್ಟೆ ಅಲುಗುತ್ತಿರಲಿಲ್ಲ.

ಮಠದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಹಿರಿಯರು ಮರುಳಸಿದ್ದಯ್ಯನವರು. ಹೆಣ್ಣುಮಗಳು ಕಾವಿ ದಾಟುವುದು ಸರಿಯಲ್ಲ ಎಂದು ಅವರು ಒಂದು ದಿನ ಸಂಗಯ್ಯನವರನ್ನು ಕರೆದು ಹೇಳಿದರು. ಸಂಗಯ್ಯ ಹಿರಿಯರ ಮಾತಿಗೆ ಎದುರಾಡಿದವರಲ್ಲ. ತಲೆದೂಗಿ ಬಂದು, ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಬೇರೆ ಹಗ್ಗ ಕಟ್ಟಿ ಕಾವಿಯನ್ನೆಲ್ಲ ಅಲ್ಲಿಗೆ ಸಾಗಿಸಿದರು. ಅಂಗಳದ ಹಗ್ಗ ಮಗಳಿಗೆ ಉಳಿಯಿತು.

ಸಂಗಯ್ಯನವರ ಊರು ಬಾಗಲಕೋಟೆಯ ಕಡೆ. ಕಾಶಿಗೆ ಬರುವ ಕನ್ನಡ ಯಾತ್ರಿಕರಿಗೆ ಕೋಣೆ ತೋರಿಸುವುದು, ಗಂಗೆಗೆ ಕರೆದೊಯ್ಯುವುದು, ಊಟದ ಹೊತ್ತಿಗೆ ಎಲೆಯ ಮುಂದೆ ಕೂರಿಸುವುದು ಅವರ ಕೆಲಸ. ಹೆಂಡತಿ ಅನ್ನದಾನಮ್ಮ ದಾಸೋಹದಲ್ಲಿ ರೊಟ್ಟಿ ಬಡಿಯುತ್ತಿದ್ದರು. ಮಗಳು ಹುಟ್ಟಿದ್ದು ಕಾಶಿಯಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಹಿಂದಿ, ಘಾಟಿನ ಮೇಲೆ ದೋಣಿಯವರ ಭೋಜಪುರಿ. ಅವಳಿಗೆ ಇವು ಮೂರೂ ಒಂದೇ ನಾಲಗೆ. ಎರಡು ಸಲ ಮದುವೆಗೆಂದು ಊರಿಗೆ ಹೋಗಿದ್ದಾಗ ಅಲ್ಲಿಯ ಹುಡುಗಿಯರು ಅವಳ ಮಾತು ಕೇಳಿ ಸೆರಗು ಬಾಯಿಗಿಟ್ಟು ನಕ್ಕಿದ್ದರು. ತನ್ನ ಊರು ಯಾವುದು ಎಂಬ ಪ್ರಶ್ನೆ ಅವಳಿಗೆ ಅಲ್ಲೇ ತೀರಿಹೋಗಿತ್ತು.

ಎಪ್ಪತ್ತೆರಡರ ಶಿವರಾತ್ರಿ ಮುಗಿದ ಮೇಲೆ ಸ್ವಾಮಿಗಳು ಸಂಗಯ್ಯನವರನ್ನು ಕರೆಸಿ, ಸೊಲ್ಲಾಪುರದ ಕಡೆಯ ಶಾಖಾಮಠಕ್ಕೆ ಆಳಿಲ್ಲ, ಶ್ರಾವಣ ಕಳೆದ ಮೇಲೆ ನೀವು ಅಲ್ಲಿಗೆ ಹೊರಡಬೇಕು ಎಂದರು. ಸಂಗಯ್ಯ ಕೈಮುಗಿದರು. ಆ ರಾತ್ರಿ ಅನ್ನದಾನಮ್ಮ ಯಾವ ಪಾತ್ರೆ ಒಯ್ಯುವುದು, ಯಾವುದು ಬಿಡುವುದು ಎಂದು ಮಾತಾಡುತ್ತಿದ್ದರೆ ಶರಣಬಸಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಾತ್ರೆಗಳ ಜೊತೆ ತನ್ನನ್ನೂ ಎಣಿಸುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು.

ಅದೇ ತಿಂಗಳು ಶಾಲೆಗಳ ನಡುವಿನ ಆಟೋಟ ನಡೆಯಿತು. ಶರಣಬಸಮ್ಮ ಇಂಟರ್ ಎರಡನೇ ವರ್ಷ. ಎತ್ತರ ಜಿಗಿತದಲ್ಲಿ ಅವಳು ಕತ್ತರಿ ಬೀಸಿ ಎಲ್ಲರಿಗಿಂತ ಮೇಲೆ ಹೋದಾಗ, ಗೆರೆಯ ಆಚೆ ಕೊಡೆ ಹಿಡಿದು ನಿಂತಿದ್ದ ಬಂಗಾಳಿ ಹೆಂಗಸೊಬ್ಬರು ಬಂದು ಅವಳ ಹಿಮ್ಮಡಿಯನ್ನು ನೋಡಿದರು, ಮಂಡಿಯನ್ನು ನೋಡಿದರು, ಆಮೇಲೆ ಮುಖವನ್ನು ನೋಡಿದರು. ಸುಶೀಲಾ ಸ್ಮಾರಕ ಮಹಿಳಾ ಕಾಲೇಜಿನಲ್ಲಿ ಆಟ ಕಲಿಸುವ ಲಾವಣ್ಯಪ್ರಭಾ ಸಾನ್ಯಾಲ್ ಅವರು. ಊರೆಲ್ಲ ಸಾನ್ಯಾಲ್ ದೀದಿ ಎನ್ನುತ್ತಿತ್ತು.

ಆ ಕಾಲೇಜು ಸಣ್ಣದು, ಬಾಗಿಲು ಅದಕ್ಕಿಂತ ಸಣ್ಣದು. ತರಗತಿಗೆ ನಲವತ್ತೇ ಹುಡುಗಿಯರು. ಲಖನೌ, ಅಲಹಾಬಾದಿನಿಂದ ವಕೀಲರು, ವೈದ್ಯರು ತಮ್ಮ ಮಕ್ಕಳನ್ನು ಅಲ್ಲಿಗೆ ತಂದು ಬಿಡುತ್ತಿದ್ದರು. ಫಸ್ಟ್ ಡಿವಿಜನ್ ಇಲ್ಲದವರು ಕಾವಲುಗಾರನ ಹತ್ತಿರ ನೀರು ಕೇಳಿ ಕುಡಿದು ಹೊರಡಬಹುದಿತ್ತು, ಅಷ್ಟೇ. ಆದರೆ ಕಾಲೇಜುಗಳ ಪಂದ್ಯದ ಷೀಲ್ಡು ತಮ್ಮ ಸಭಾಂಗಣದ ಗೋಡೆಗೇ ಬರಬೇಕೆಂಬ ಆಸೆ ಅವರಿಗೂ ಇತ್ತು. ಅದಕ್ಕಾಗಿ ವರ್ಷಕ್ಕೆ ಎರಡು ಸೀಟು ಆಟದವರಿಗೆ. ಒಂದು ಬ್ಯಾಡ್ಮಿಂಟನ್ನಿಗೆ, ಇನ್ನೊಂದು ಆ ವರ್ಷ ಎತ್ತರ ಜಿಗಿತಕ್ಕೆ. ಸೀಟಿನ ಜೊತೆ ಹಾಸ್ಟೆಲಿನಲ್ಲಿ ಒಂದು ಮಂಚವೂ ಸಿಗುತ್ತಿತ್ತು.

ಅಂಕ ಎಷ್ಟು ಬಂದೀತು ಎಂದು ದೀದಿ ಕೇಳಿದರು. ಸೆಕೆಂಡ್ ಡಿವಿಜನ್, ಅದೂ ಗಣಿತ ಕೈಹಿಡಿದರೆ, ಎಂದಳು ಶರಣಬಸಮ್ಮ. ದೀದಿ ನಕ್ಕರು.

"ಹಾಗಾದ್ರೆ ನಿನಗೆ ಒಂದೇ ದಾರಿ, ಅದು ಕೋಲಿನ ಮೇಲಿಂದ. ಆದರೆ ಈ ಕತ್ತರಿ ಸಾಲದು. ಜುಲೈಗೆ ಟ್ರಯಲ್. ಅಷ್ಟರೊಳಗೆ ಉರುಳೋದು ಕಲಿ."

ಉರುಳುವುದೆಂದರೆ ಏನೆಂದು ಆ ಐವತ್ತರ ಹೆಂಗಸು ಅಲ್ಲೇ ಸೆರಗು ಬಿಗಿದು ತೋರಿಸಿದರು. ನಿಂತ ಮೈಯಲ್ಲಿ ದಾಟುವುದಲ್ಲ. ಕೋಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಅದನ್ನು ಅಪ್ಪಿಕೊಂಡ ಹಾಗೆ ಸುತ್ತಿ ಆಚೆ ಬೀಳುವುದು. ಹುಲ್ಲಿನ ಮೇಲೆ ಒಂದು ಸುತ್ತು ಉರುಳಿ ಎದ್ದು, ಕನ್ನಡಕ ಹುಡುಕಿಕೊಂಡು, ಏನೂ ಆಗದವರಂತೆ ಕೊಡೆ ಬಿಡಿಸಿ ಹೊರಟರು.

ಮನೆಗೆ ಬಂದು ಶರಣಬಸಮ್ಮ ಸುತ್ತಿ ಬಳಸದೆ ಹೇಳಿದಳು. ಸೀಟು ಸಿಕ್ಕರೆ ಹಾಸ್ಟೆಲು. ಹಾಸ್ಟೆಲು ಸಿಕ್ಕರೆ ಕಾಶಿ. ನೀವು ಹೋಗಿ ಬನ್ನಿ, ನಾನು ಇರುತ್ತೇನೆ. ಅನ್ನದಾನಮ್ಮ ರೊಟ್ಟಿಯ ಹಿಟ್ಟಿನ ಕೈಯಲ್ಲೇ ತಿರುಗಿದರು. ಜಿಗಿಯುವ ಹುಡುಗಿಯ ಕೊರಳಲ್ಲಿ ಲಿಂಗ ಹೇಗೆ ನಿಂತೀತು ಎಂಬುದು ಅವರಿಗೆ ಮೊದಲಿಂದಲೂ ಇದ್ದ ಭಯ. ಎಲ್ಲೋ ಬಿದ್ದರೆ, ದಾರ ಹರಿದರೆ, ಯಾರೋ ತೆಗೆದಿಡು ಎಂದರೆ ಇವಳು ತೆಗೆದಿಟ್ಟರೆ? ಪೂಜೆಗೆ ಕೂಡೆಂದರೆ ಹೊಟ್ಟೆನೋವು ಎನ್ನುವ ಹುಡುಗಿ.

"ಸಿಗಲಿ, ಆಮ್ಯಾಲ ನೋಡೋಣು" ಎಂದರು ಸಂಗಯ್ಯ. ಆ ಮನೆಯಲ್ಲಿ ಅದು ಒಪ್ಪಿಗೆಯ ಮಾತಾಗಿತ್ತು.

ಗಂಗೆಯ ಅಸ್ಸಿ ಘಾಟಿನಲ್ಲಿ ಆಗ ಕಲ್ಲಿನ ಮೆಟ್ಟಿಲಿರಲಿಲ್ಲ, ಮಣ್ಣಿನ ದಂಡೆ. ಆಚೆ ದಡದಿಂದ ದೋಣಿಯವರು ಮರಳು ತಂದು ಅಲ್ಲಿ ರಾಶಿ ಸುರಿಯುತ್ತಿದ್ದರು. ಬೆಳಗಿನ ಹೊತ್ತು, ಗಾಡಿಗಳು ಬಂದು ಮರಳು ತುಂಬಿಕೊಳ್ಳುವ ಮೊದಲು, ಆ ರಾಶಿ ಶರಣಬಸಮ್ಮನದು. ದೋಣಿಯವರ ಮಗಳು ಫೂಲಮತಿ ಎರಡು ಹುಟ್ಟುಗಳನ್ನು ನೆಲಕ್ಕೆ ನೆಟ್ಟು, ಅವುಗಳಿಗೆ ಹೊಡೆದ ಮೊಳೆಗಳ ಮೇಲೆ ಬಿದಿರಿನ ಗಳು ಇಡುತ್ತಿದ್ದಳು. ಗಳು ಬಿದ್ದರೆ ಎತ್ತಿಡುವುದು ಅವಳ ಪಾಲು, ಬೈಯುವುದೂ ಅವಳ ಪಾಲು. ಚಹಾ ಅಂಗಡಿಯ ಮುದುಕನೊಬ್ಬ ಕುಳಿತಲ್ಲಿಂದಲೇ, "ಏ ಬಿಟಿಯಾ, ಚಿರಈ ಬನಬೂ ಕಾ?" ಎಂದು ದಿನವೂ ಕೇಳುತ್ತಿದ್ದ. ಹಕ್ಕಿಯಾಗುತ್ತೀಯಾ ಎಂದು. ಒಂದು ದಿನ, ಹಾರುವ ಹೊತ್ತಿಗೆ ಅವನ ಕಡೆ ನೋಡದೆ, ಮರಳು ಕೊಡವಿಕೊಂಡು ಎದ್ದ ಮೇಲೆ, ಆಗಲೇ ಆಗಿದ್ದೇನೆ ಬಾಬಾ, ಗೂಡು ಹುಡುಕ್ತಿದ್ದೇನೆ ಎಂದು ಶರಣಬಸಮ್ಮ ಉತ್ತರಿಸಿದಳು. ಅಂದಿನಿಂದ ಅವನು ಅವಳಿಗೆ ಮಣ್ಣಿನ ಕುಲ್ಹಡಿನಲ್ಲಿ ಚಹಾ ಕಳಿಸತೊಡಗಿದ.

ಉರುಳುವುದು ಬಂತು, ಆದರೆ ಗಳು ನಿಲ್ಲಲಿಲ್ಲ. ಕಾಲು ದಾಟುತ್ತಿತ್ತು, ಸೊಂಟ ದಾಟುತ್ತಿತ್ತು, ಮೈ ಮರಳಿಗೆ ಬೀಳುವ ಹೊತ್ತಿಗೆ ಗಳುವೂ ಹಿಂದೆಯೇ ಬರುತ್ತಿತ್ತು. ಹಲವು ಬೆಳಿಗ್ಗೆ ಹಾಗೇ ಕಳೆದವು. ಕೊನೆಗೊಂದು ದಿನ, ಗಾಳಿಯಿಲ್ಲದ ಬೆಳಿಗ್ಗೆ, ಬೀಳುವ ಮುಂಚಿನ ಸದ್ದು ಅವಳಿಗೆ ಕೇಳಿಸಿತು. ಬಿದಿರಿಗೆ ಬೆಳ್ಳಿ ತಾಗಿದ ಸಣ್ಣ ಸದ್ದು.

ಅವಳ ಕೊರಳಲ್ಲಿ ಶಿವದಾರದ ತುದಿಗೆ ನಿಂಬೆಹಣ್ಣಿನ ಗಾತ್ರದ ಬೆಳ್ಳಿ ಕರಡಿಗೆ ಇತ್ತು, ಅದರೊಳಗೆ ತೊಟ್ಟಿಲಲ್ಲಿ ಮಲಗಿದ್ದಾಗ ಕಟ್ಟಿದ ಇಷ್ಟಲಿಂಗ. ಕತ್ತರಿ ಬೀಸಿ ನಿಂತ ಮೈಯಲ್ಲಿ ದಾಟುವಾಗ ಅದು ಎದೆಗೆ ಅಂಟಿಕೊಂಡಿರುತ್ತಿತ್ತು. ಹೊಟ್ಟೆ ಅಡಿಯಾಗಿ ಮಲಗಿದಾಗ ಕೆಳಗೆ ಜೋತಾಡಿ ಕೋಲಿಗೆ ಬಡಿಯುತ್ತಿತ್ತು. ಬೇರೆ ಯಾವ ಜಾತಿಯ ಹುಡುಗಿಗೂ ಬಾರದ ತಪ್ಪು ಅದು.

ನಾನು ದಾಟಿದೆ, ಅದು ದಾಟಲಿಲ್ಲ, ಆದ್ದರಿಂದ ಇದು ಲೆಕ್ಕಕ್ಕಿಲ್ಲ ಎಂದು ಅವಳು ವಾದಿಸಿದಳು. ಫೂಲಮತಿ ಗಳು ಎತ್ತಿ ಹೆಗಲಿಗಿಟ್ಟುಕೊಂಡು ನಿಂತಳು.

"ಅದು ನಿನ್ನ ಮೈಮೇಲಿದೆ ತಾನೆ? ಹಾಗಾದ್ರೆ ಬೀಳಿಸಿದ್ದು ನೀನೇ. ನನ್ನ ಬಳೆ ತಾಗಿ ಗಡಿಗೆ ಒಡೆದ್ರೆ ಅಮ್ಮ ಬಳೆಗೆ ಹೊಡೀತಾಳಾ?"

ಮುಂದೆ ಕರಡಿಗೆಯನ್ನು ಕುಪ್ಪಸದೊಳಗೆ ತುರುಕಿ ನೋಡಿದಳು, ಜಾರಿ ಹೊರಬಂತು. ಎದೆಗೆ ಬಟ್ಟೆ ಬಿಗಿದು ನೋಡಿದಳು. ಓಡುವಾಗ ಉಸಿರು ಕಟ್ಟಿತು, ಬಿದ್ದಾಗ ಪಕ್ಕೆಲುಬಿನ ಮೇಲೆ ನೀಲಿ ಗುರುತಾಯಿತು. ಆ ಗುರುತಿಗೆ ಮದ್ದು ಹಾಕಿದವರು ಭೇಲೂಪುರದ ಬಾಡಿಗೆ ಮನೆಯಲ್ಲಿದ್ದ ಡಾಕ್ಟರ್ ವಿಜಯಾ. ಮೈಸೂರಿನವರು, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಕೆಲಸ, ಒಂಟಿ ಹೆಂಗಸು. ಬಂದ ಹೊಸದರಲ್ಲಿ ತರಕಾರಿಯವನ ಜೊತೆ ಮಾತಾಡಲು ಬಾರದೆ ಕನ್ನಡ ಹುಡುಕಿಕೊಂಡು ಮಠಕ್ಕೆ ಬಂದಿದ್ದರು. ಅಂದಿನಿಂದ ಶರಣಬಸಮ್ಮ ಅವರ ಬಜಾರಿನ ಬಾಯಿ.

"ಎರಡು ನಿಮಿಷ ತೆಗೆದಿಟ್ರೆ ಏನಾಗುತ್ತೆ ಕಣೇ? ಆಪರೇಷನ್ ಟೇಬಲ್ ಮೇಲೆ ನಿಮ್ಮೋರಿಗೇ ತೆಗೆಸಿದೀನಿ. ಯಾರೂ ಸತ್ತಿಲ್ಲ."

"ಅವರಿಗೆ ಎಚ್ಚರ ಇರಲಿಲ್ಲಲ್ರೀ. ನನಗ ಐತಿ."

ವಿಜಯಾ ನಕ್ಕು ಮದ್ದಿನ ಡಬ್ಬಿ ಮುಚ್ಚಿದರು. ನೀನೇನು ದೊಡ್ಡ ಭಕ್ತೆಯಾ ಎಂದು ಕೇಳಿದರು. ಅಲ್ಲ ಎಂದಳು ಶರಣಬಸಮ್ಮ, ಮುಚ್ಚುಮರೆಯಿಲ್ಲದೆ. ಭಕ್ತಿಗೂ ಇದಕ್ಕೂ ಸಂಬಂಧ ಏನೆಂದು ಅವಳಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ತನ್ನ ಕಿವಿ ತನ್ನದೆಂದು ದಿನವೂ ಯಾರೂ ನೆನೆಸಿಕೊಳ್ಳುವುದಿಲ್ಲ. ಯಾರಾದರೂ ಕತ್ತರಿಸಿಡು ಎಂದಾಗ ನೆನಪಾಗುತ್ತದೆ.

ದಾರಿ ತೋರಿದ್ದು ಅಪ್ಪ. ಮಗಳು ನೀಲಿ ಪಕ್ಕೆ ಹಿಡಿದುಕೊಂಡು ಊಟಕ್ಕೆ ಕುಳಿತಿದ್ದಾಗ ಸಂಗಯ್ಯ ತುತ್ತು ಕಲಸುತ್ತ ಹೇಳಿದರು: "ನಮ್ಮ ಮುತ್ಯಾ ಹೊಳಿ ಈಸುವಾಗ ಕೊರಳಾಗ ಬಿಡ್ತಿರಲಿಲ್ಲ. ತಲಿಗೆ ಕಟ್ಕೊಂತಿದ್ದ. ಕೃಷ್ಣಾ ತುಂಬಿ ಬಂದಾಗ ಎಷ್ಟ ಸಲ ದಾಟ್ಯಾನ."

"ಅಂವ ಗಂಡಸು, ಹೊಳಿ ದಾಟಿದ" ಎಂದರು ಅನ್ನದಾನಮ್ಮ. "ಇಕಿ ಒಂದು ಗಳಾ ದಾಟಾಕ ರುಮಾಲು ಸುತ್ತಕೊಂಡು ಊರಾಗ ತಿರಗತಾಳೇನು?"

"ತಲಿ ಮ್ಯಾಲ ಇಟ್ಟರ ಕೊರಳಿಗಿಂತ ಮ್ಯಾಲ ಆತಲ್ಲ. ಕೆಳಗೇನೂ ಇಳಿಸಲಿಲ್ಲ."

ವಾದದಲ್ಲಿ ಸೋತಾಗ ಅನ್ನದಾನಮ್ಮ ಮಜ್ಜಿಗೆ ಬಡಿಸುತ್ತಿದ್ದರು. ಅಂದೂ ಬಡಿಸಿದರು.

ಮರುದಿನ ಸಂಗಯ್ಯ ತಮ್ಮ ಬಿಳಿ ರುಮಾಲನ್ನು ಉದ್ದಕ್ಕೆ ಹರಿದರು. ಮಗಳ ತುರುಬಿನೊಳಗೆ ಕರಡಿಗೆ ಇಟ್ಟು, ಶಿವದಾರವನ್ನು ಜಡೆಗೆ ಹೆಣೆದು, ಮೇಲೆ ಬಟ್ಟೆ ಸುತ್ತಿ, ತುದಿಯನ್ನು ಹಿಂದಿನ ಮಡಿಕೆಗೆ ಸಿಕ್ಕಿಸುವುದನ್ನು ಕಲಿಸಿದರು. ಅಸ್ಸಿಯಲ್ಲಿ ಆ ಬೆಳಿಗ್ಗೆ ಗಳು ಬೀಳಲಿಲ್ಲ. ಫೂಲಮತಿ ಒಂದು ಮೊಳೆ ಮೇಲಕ್ಕೆ ಏರಿಸಿದಳು. ಆಗಲೂ ಬೀಳಲಿಲ್ಲ. ಚಹಾದ ಮುದುಕ ಪಗಡಿವಾಲಿ, ರುಮಾಲಿನವಳು, ಎಂದು ಹೆಸರಿಟ್ಟ. ಆ ಹೆಸರು ಅವಳ ಮೈಗೆ ಹತ್ತಿದ್ದು ಅಂದಿನಿಂದ.

ಟ್ರಯಲಿನ ದಿನ ರಾತ್ರಿಯ ಮಳೆ ನಿಂತು ಮೈದಾನದ ಹುಲ್ಲು ಹೊಳೆಯುತ್ತಿತ್ತು. ಸುಶೀಲಾ ಸ್ಮಾರಕದ ಬೇವಿನ ಮರದ ಕೆಳಗೆ ಮೇಜು ಹಾಕಿ ಪ್ರಿನ್ಸಿಪಾಲ್ ಶ್ರೀಮತಿ ಟಂಡನ್ ಕುಳಿತಿದ್ದರು. ಬಿಳಿಯ ಸೀರೆ, ಮಾತು ಅದಕ್ಕಿಂತ ಇಸ್ತ್ರಿಯಾದದ್ದು. ಮೇಜಿನ ಮೇಲೆ ಹಿತ್ತಾಳೆಯ ತಟ್ಟೆ, ಪಕ್ಕದಲ್ಲಿ ಗುಮಾಸ್ತ. ಹುಡುಗಿಯರು ಒಬ್ಬೊಬ್ಬರೇ ಬಂದು ಬಳೆ, ಸರ, ಕಿವಿಯ ಓಲೆ ತೆಗೆದು ತಟ್ಟೆಗೆ ಹಾಕಿ ಮುಂದೆ ಹೋಗುತ್ತಿದ್ದರು. ಅದು ಆ ಕಾಲೇಜಿನ ರೂಢಿ. ಹಿಂದೊಮ್ಮೆ ಯಾರಿಗೋ ಬಳೆ ಒಡೆದು ಕೈ ಕುಯ್ದಿತ್ತಂತೆ.

ರುಮಾಲು ಕಟ್ಟಿದ ಹುಡುಗಿ ಬಂದಾಗ ಸಾಲಿನಲ್ಲಿ ನಗೆ ಹರಿಯಿತು. ಸರದಾರ್‌ಜಿ ತಂಗಿಯನ್ನು ಕಳಿಸೋದು ಬಿಟ್ಟು ತಾನೇ ಬಂದನಾ ಎಂದು ಯಾರೋ ಅಂದರು. ಶರಣಬಸಮ್ಮ ತಂಗಿಗೆ ಜ್ವರ ಎಂದಳು. ನಗು ಸ್ವಲ್ಪ ತಗ್ಗಿತು.

ಒಳಗೇನಿದೆ ಎಂದು ಟಂಡನ್ ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತೆಗೆದು ತಟ್ಟೆಯಲ್ಲಿಡು, ಯಾರೂ ಮುಟ್ಟುವುದಿಲ್ಲ ಎಂದರು ಅವರು. ಗುಮಾಸ್ತ ತಟ್ಟೆಯನ್ನು ಅವಳ ಕಡೆ ಸರಿಸಿದ. ಶರಣಬಸಮ್ಮ ಕೈ ಎತ್ತಲಿಲ್ಲ. ಸಾನ್ಯಾಲ್ ದೀದಿ ಮರದ ಹತ್ತಿರದಿಂದ ಬೇಗಬೇಗ ಬಂದು ಅವಳನ್ನು ಪಕ್ಕಕ್ಕೆ ಕರೆದರು. ಈ ಹುಡುಗಿಗಾಗಿ ಅವರು ಎಷ್ಟು ಸಲ ಪ್ರಿನ್ಸಿಪಾಲರ ಕೋಣೆಯ ಹೊರಗೆ ಕಾದಿದ್ದರೋ. ಬೇಕಾದರೆ ನಾನೇ ಅಂಗೈಯಲ್ಲಿ ಹಿಡಿದುಕೊಂಡು ನಿಲ್ಲುತ್ತೇನೆ, ಸ್ನಾನ ಮಾಡಿ ಬಂದಿದ್ದೇನೆ ಎಂದರು.

"ದೀದಿ, ಪೂಜೆ ತಪ್ಪಿಸೋದು ನನಗೆ ಚೆನ್ನಾಗಿ ಬರುತ್ತೆ" ಎಂದಳು ಶರಣಬಸಮ್ಮ. "ಇದನ್ನ ತೆಗೆಯೋದು ಬರೋದಿಲ್ಲ."

"ಸೀಟು ಹೋಗುತ್ತೆ, ಹುಚ್ಚಿ."

"ಹೋದರೆ ಹೋಗಲಿ. ನಾನು ಸೀಟಿಗೆ ಬಂದಿದ್ದು. ತಟ್ಟೆಗಲ್ಲ."

ಇದು ಮೇಜಿನವರೆಗೂ ಕೇಳಿಸಿತು. ಟಂಡನ್ ಕನ್ನಡಕದ ಮೇಲಿಂದ ನೋಡಿದರು. ಅವರು ಕಟ್ಟುನಿಟ್ಟಿನ ಹೆಂಗಸು, ಆದರೆ ಅನ್ಯಾಯದ ಹೆಂಗಸಲ್ಲ. ಕಟ್ಟಿರುವುದು ಗಟ್ಟಿಯಾಗಿದೆಯೇ ಎಂದು ದೀದಿಯಿಂದ ಎಳೆಸಿ ನೋಡಿದರು. ಆಮೇಲೆ, ಎಲ್ಲರಿಗೂ ಕೇಳುವ ಹಾಗೆ, ನಿಧಾನವಾಗಿ ಹೇಳಿದರು.

"ಸರಿ. ಮೈಮೇಲೆ ಇರೋದೆಲ್ಲ ನಿನ್ನ ಮೈ. ಅದು ತಾಗಿ ಕೋಲು ಬಿದ್ದರೆ ನೀನು ಬಿದ್ದ ಹಾಗೆ. ಆಮೇಲೆ ನನ್ನ ಮುಂದೆ ಬಂದು ಅಳಬಾರದು."

"ನಾನೂ ಅದನ್ನೇ ಹೇಳ್ತಿರೋದು" ಎಂದಳು ಶರಣಬಸಮ್ಮ. "ಅದು ನನ್ನ ಮೈ."

ಕೋಲು ಏರುತ್ತ ಹೋಯಿತು, ಹುಡುಗಿಯರು ಉದುರುತ್ತ ಹೋದರು. ಕೊನೆಗೆ ಉಳಿದವರು ಇಬ್ಬರು: ಅಲಹಾಬಾದಿನಿಂದ ಬಂದ ಕುಮುದ್ ಎಂಬ ಉದ್ದನೆಯ ಹುಡುಗಿ, ಮತ್ತು ಇವಳು. ಕುಮುದ್ ಒಂದೇ ಯತ್ನಕ್ಕೆ ಮೇಲಿನ ಎತ್ತರ ದಾಟಿದಳು. ಅವಳದು ಸೊಗಸಾದ ಓಟ. ಶರಣಬಸಮ್ಮನಿಗೇ ನೋಡುತ್ತ ನಿಲ್ಲಬೇಕೆನಿಸಿತು.

ಅವಳ ಸರದಿ ಬಂತು. ಓಡಿದಳು. ಎಡಗಾಲು ನೆಲವನ್ನು ಒದ್ದಿತು, ಬಲಗಾಲು ಮೇಲೆ ಹೋಯಿತು, ಮೈ ಕೋಲಿನ ಮೇಲೆ ಮಲಗಿತು. ಬೇವಿನ ಮರ ತಲೆಕೆಳಗಾಗಿ ಮತ್ತೆ ನೆಟ್ಟಗಾಯಿತು. ಬೆನ್ನಿಗೆ ಒದ್ದೆ ಮರಳು ತಾಗಿದಾಗ ದಾಟಿದೆ ಎಂದುಕೊಂಡಳು. ಆದರೆ ರುಮಾಲಿನ ತುದಿ ಮಡಿಕೆಯಿಂದ ಬಿಚ್ಚಿ ಗಾಳಿಯಲ್ಲಿ ಹಿಂದೆ ಉಳಿದಿತ್ತು. ಒದ್ದೆ ಮರಳಿನಲ್ಲಿ ಉರುಳಿ ಉರುಳಿ ಭಾರವಾಗಿದ್ದ ಬಟ್ಟೆ ಕೋಲಿಗೆ ಅಂಟಿ, ಮೆಲ್ಲನೆ, ಬೇಡವೆಂಬಂತೆ, ಅದನ್ನು ಎಳೆದು ಬೀಳಿಸಿತು.

ದೀದಿ ಬಾಯಿ ತೆರೆದರು. ಅದು ಬಟ್ಟೆ, ಹುಡುಗಿ ಅಲ್ಲ ಎನ್ನಲು ಹೊರಟಿದ್ದರು. ಶರಣಬಸಮ್ಮ ಮರಳಿನಲ್ಲಿ ಕುಳಿತಲ್ಲಿಂದಲೇ ಕೈ ಎತ್ತಿದಳು.

"ಫೌಲ್" ಎಂದಳು ತಾನೇ. "ಬೀಳಿಸಿದ್ದು ನಾನು."

ಗುಮಾಸ್ತ ಮತ್ತೊಮ್ಮೆ ತಟ್ಟೆ ಸರಿಸಿದ. ಈ ಸಲ ಅವನ ಮುಖದಲ್ಲಿ ಗೇಲಿಯಿರಲಿಲ್ಲ, ಕನಿಕರವಿತ್ತು. ಈಗಲಾದರೂ ಇಡು ಮಗಳೇ ಎಂಬಂತೆ. ಕನಿಕರ ಗೇಲಿಗಿಂತ ಕಷ್ಟದ್ದು. ಎಲ್ಲರೂ ನೋಡುತ್ತಿರುವಾಗ ಅವಳು ರುಮಾಲು ಪೂರ್ತಿ ಬಿಚ್ಚಿ ಬಟ್ಟೆ ಹಿಂಡಿದಳು. ಒಂದು ಗಳಿಗೆ ತುರುಬಿನಲ್ಲಿ ಬೆಳ್ಳಿ ಬಿಸಿಲಿಗೆ ಹೊಳೆಯಿತು. ನಗೆಯಿಲ್ಲ ಈಗ. ಮತ್ತೆ ಸುತ್ತಿದಳು, ಅಪ್ಪ ಕಲಿಸಿದ್ದಕ್ಕಿಂತ ಒಂದು ಸುತ್ತು ಹೆಚ್ಚಾಗಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದಳು. ಎರಡನೇ ಯತ್ನದಲ್ಲಿ ಕೋಲು ಅಲುಗಲೂ ಇಲ್ಲ.

ಅದಕ್ಕಿಂತ ಮೇಲಿನ ಎತ್ತರವನ್ನು ಇಬ್ಬರೂ ದಾಟಲಿಲ್ಲ. ಎತ್ತರ ಸಮವಾದರೆ ಕಡಿಮೆ ಸಲ ಬೀಳಿಸಿದವಳು ಗೆದ್ದಂತೆ, ಅದು ಆಟದ ನಿಯಮ. ಕುಮುದ್ ಒಂದೇ ಯತ್ನದಲ್ಲಿ ದಾಟಿದ್ದಳು. ಸೀಟು ಅವಳಿಗೆ ಹೋಯಿತು.

ದೀದಿಯ ಕಣ್ಣು ತುಂಬಿತ್ತು. ಶರಣಬಸಮ್ಮನದು ಒಣಗಿತ್ತು. ಟಂಡನ್ ಅವಳನ್ನು ಮೇಜಿನ ಹತ್ತಿರ ಕರೆದು, ಮೊದಲೇ ತೆಗೆದಿಟ್ಟಿದ್ದರೆ ಸೀಟು ನಿನ್ನದಾಗಬಹುದಿತ್ತು, ಗೊತ್ತೇ ಎಂದು ಕೇಳಿದರು. ಗೊತ್ತು ಎಂದಳು. ಮುಂದಿನ ವರ್ಷ ಜಿಗಿತಕ್ಕೆ ಸೀಟು ಇರುತ್ತದೆಯೇ ಎಂದು ತಿರುಗಿ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿ, ಇರಬಹುದು ಎಂದರು.

"ಹಾಗಾದ್ರೆ ಬರ್ತೀನಿ. ಇದನ್ನ ಕಟ್ಟಿಕೊಂಡೇ ಬರ್ತೀನಿ. ಈಗಲೇ ಹೇಳಿರ್ತೀನಿ."

ಬರುತ್ತೇನೆಂದು ಹೇಳಿದ್ದಾಯಿತು, ಇರಲು ಊರಲ್ಲಿ ಮಂಚವಿರಲಿಲ್ಲ. ಕಾಲೇಜಿನಿಂದ ಗೋದೌಲಿಯಾದವರೆಗೆ ಅವಳು ನಡೆದೇ ಬಂದಳು. ರಿಕ್ಷಾಗಳ ಗಂಟೆ, ದಾರಿಗೆ ಅಡ್ಡ ಮಲಗಿದ ಗೂಳಿ, ಅಂಗಡಿಯವರ ಕೂಗು. ಎಂದೂ ಕಿವಿಗೆ ಹಾಕಿಕೊಳ್ಳದ ಇವೆಲ್ಲ ಅಂದು ಒಂದೊಂದೇ ಬಂದು ತಾಗಿದವು. ಇವನ್ನು ಬಿಟ್ಟು ಹೋಗುವುದಿಲ್ಲ ಎಂದು ಗಟ್ಟಿಯಾಗಿಯೇ ಅಂದುಕೊಂಡಳು. ಪಾನ್ ಕಟ್ಟುತ್ತಿದ್ದವನು ಏನು ಎಂದು ತಲೆಯೆತ್ತಿದ.

ಸುದ್ದಿ ಅವಳಿಗಿಂತ ಮೊದಲೇ ಮಠ ಸೇರಿತ್ತು. ಮೈದಾನದ ಬೇಲಿಯಾಚೆ ನಿಂತು ನೋಡಿದ್ದ ವಿಜಯಾ ರಿಕ್ಷಾದಲ್ಲಿ ಬಂದು ಎಲ್ಲವನ್ನೂ ಹೇಳಿಯಾಗಿತ್ತು. ಮರುಳಸಿದ್ದಯ್ಯನವರು ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದರು. ಅವಳು ಒಳಗೆ ಬಂದಾಗ ಎದ್ದು ನಿಂತರು. ಹಿರಿಯರು ಹಾಗೆ ಎದ್ದು ನಿಂತದ್ದನ್ನು ಅವಳು ಯಾತ್ರೆಗೆ ಬಂದ ಸ್ವಾಮಿಗಳ ಮುಂದೆ ಮಾತ್ರ ಕಂಡಿದ್ದಳು. ಆಮೇಲೆ ತಮ್ಮ ಕೋಣೆಗೆ ಹೋದರು.

ಅಡುಗೆಮನೆಯಲ್ಲಿ ಸಂಗಯ್ಯ ಗೋಡೆಗೊರಗಿ ಕುಳಿತಿದ್ದರು. ಅನ್ನದಾನಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ, ಮಗಳ ಕಡೆ ನೋಡದೆ ಕೇಳಿದರು.

"ಎಲ್ಲಾರ ಎದುರಿಗೂ ತೆಗಿ ಅಂದ್ರಂತ?"

"ಹ್ಞೂಂ."

"ಮೊದಲ ಬಿದ್ದ ಮ್ಯಾಲೂ ಅಂದ್ರಂತ?"

"ಅಂದ್ರು."

ಅನ್ನದಾನಮ್ಮ ರೊಟ್ಟಿಯನ್ನು ಬುಟ್ಟಿಗೆ ಹಾಕಿದರು. ಶರಣಬಸಮ್ಮ ನಿಂತೇ ಇದ್ದಳು. ನಾನು ಸೊಲ್ಲಾಪುರಕ್ಕೆ ಬರಂಗಿಲ್ಲ ಎಂದಳು. ಎಳೆದುಕೊಂಡು ಹೋದರೂ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಬರುತ್ತೇನೆ ಎಂದಳು. ಸಂಗಯ್ಯ ಹೆಂಡತಿಯ ಬೆನ್ನನ್ನು ನೋಡುತ್ತ ಕುಳಿತರು. ಆ ಮನೆಯಲ್ಲಿ ಬೇಡ ಎನ್ನುತ್ತಿದ್ದವರು ಅನ್ನದಾನಮ್ಮ ಒಬ್ಬರೇ.

"ನನಗ ಇದ್ದದ್ದು ಒಂದ ಭಯ" ಎಂದರು ಅನ್ನದಾನಮ್ಮ ಕೊನೆಗೆ. "ಯಾರರ ತೆಗಿ ಅಂದ್ರ ಇಕಿ ತೆಗೀತಾಳ ಅಂತ. ಅದು ಇವತ್ತ ಹೋತು." ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡು, "ಆ ಡಾಕ್ಟರಮ್ಮಗ ರೊಟ್ಟಿ ಬಡಿಯಾಕ ಬರಂಗಿಲ್ಲ. ಇಕಿ ಅವರ ಮನ್ಯಾಗ ಇರಲಿ. ಬಡದು ಹಾಕಲಿ."

ಶರಣಬಸಮ್ಮನ ರೊಟ್ಟಿ ಹೇಗಿರುತ್ತದೆಂದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ಯಾರೂ ಅದನ್ನು ಎತ್ತಲಿಲ್ಲ.

ಶ್ರಾವಣ ಕಳೆದು ಅಪ್ಪ ಅಮ್ಮ ರೈಲು ಹತ್ತಿದರು. ಅವಳು ಪ್ಲಾಟ್‌ಫಾರ್ಮಿನಲ್ಲಿ ಅತ್ತಳು, ಮುಚ್ಚಿಡಲಿಲ್ಲ. ಭೇಲೂಪುರದ ಮನೆಯಲ್ಲಿ ವಿಜಯಾ ಆಕೆಯ ರೊಟ್ಟಿಯನ್ನು ನೋಡಿ, ಇದು ಯಾವ ದೇಶದ ನಕ್ಷೆ ಕಣೇ ಎಂದು ಕೇಳುತ್ತ, ತಿನ್ನುತ್ತ ವರ್ಷ ಕಳೆದರು. ಅವಳು ಇನ್ನೊಂದು ಸಾಧಾರಣ ಕಾಲೇಜಿನಲ್ಲಿ ಹೆಸರು ಬರೆಸಿ, ಹಿಂದಿನ ಬೆಂಚಿನಲ್ಲಿ ಕುಳಿತು ಬಂದಳು. ಗಂಗೆ ಏರಿ ಅಸ್ಸಿಯ ದಂಡೆಯನ್ನು ನುಂಗಿದಾಗ ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ ಓಡಿದಳು. ನೀರಿಳಿದು ಹೊಸ ಮಣ್ಣು ಬಿದ್ದಾಗ ಫೂಲಮತಿ ಹುಟ್ಟುಗಳನ್ನು ಮತ್ತೆ ನೆಟ್ಟಳು. ಆ ಚಳಿಗಾಲ ಫೂಲಮತಿಗೆ ಮದುವೆಯಾಯಿತು. ಮೊಳೆ ಏರಿಸಲು ಚಹಾದ ಮುದುಕನೇ ಎದ್ದು ಬರತೊಡಗಿದ, ಮಂಡಿ ಹಿಡಿದುಕೊಂಡು, ದೇವರನ್ನೂ ಅವಳನ್ನೂ ಒಂದೇ ಉಸಿರಿನಲ್ಲಿ ಬೈಯುತ್ತ.

ಎಪ್ಪತ್ತಮೂರರ ಜುಲೈನಲ್ಲಿ ಅವಳು ಸುಶೀಲಾ ಸ್ಮಾರಕದ ಗೇಟಿನೊಳಗೆ ಕಾಲಿಟ್ಟಾಗ ಅದೇ ಬೇವು, ಅದೇ ಮೇಜು, ಅದೇ ತಟ್ಟೆ. ಹುಡುಗಿಯರು ಸಾಲಾಗಿ ಬಳೆ ಬಿಚ್ಚಿ ಹಾಕುತ್ತಿದ್ದರು. ಅವಳು ಮೇಜಿನ ಮುಂದೆ ಬಂದು ನಿಂತಳು. ರುಮಾಲು ಈ ಸಲ ಹೊಸದು. ಸೊಲ್ಲಾಪುರದಿಂದ ಅನ್ನದಾನಮ್ಮ ಕಳಿಸಿದ್ದು, ತುದಿಗೆ ತಾವೇ ದಾರದ ಕೊಂಡಿ ಹೊಲಿದಿದ್ದರು, ಬಿಚ್ಚದ ಹಾಗೆ. ಗುಮಾಸ್ತ ತಲೆಯೆತ್ತಿ ಅವಳನ್ನು ನೋಡಿದ. ಟಂಡನ್ ಕಡೆ ನೋಡಿದ. ಅವರು ಏನನ್ನೋ ಬರೆಯುತ್ತಿದ್ದರು, ಬರೆಯುತ್ತಲೇ ಇದ್ದರು. ಗುಮಾಸ್ತ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಮುಂದೆ ಹೋಗು" ಎಂದ.

ಸಾನ್ಯಾಲ್ ದೀದಿ ಕೋಲಿನ ಪಕ್ಕದಲ್ಲಿ ಕೊಡೆ ಮಡಚಿ ನಿಂತಿದ್ದರು. ಹೋದ ವರ್ಷ ಗೆದ್ದ ಕುಮುದ್ ಕಾಲೇಜಿನ ಬಣ್ಣದ ಅಂಗಿ ತೊಟ್ಟು, ಈ ಸಲದ ಹುಡುಗಿಯರನ್ನು ನೋಡಲೆಂದು ಹುಲ್ಲಿನ ಮೇಲೆ ಕುಳಿತಿದ್ದಳು. ಇವಳನ್ನು ಕಂಡು ಕಾಲು ಮಡಚಿ ನೆಟ್ಟಗೆ ಕುಳಿತಳು. ಕೋಲು ಏರಿತು, ಸಾಲು ಕರಗಿತು. ಹೋದ ವರ್ಷ ಇಬ್ಬರನ್ನೂ ನಿಲ್ಲಿಸಿದ ಎತ್ತರಕ್ಕೆ ಬಂದಾಗ ಉಳಿದವಳು ಶರಣಬಸಮ್ಮ ಒಬ್ಬಳೇ. ಸೀಟು ಆಗಲೇ ಅವಳದಾಗಿತ್ತು. ಇನ್ನು ಜಿಗಿಯಬೇಕಾಗಿಲ್ಲ, ಸಾಕು ಎಂದು ದೀದಿ ಹೇಳಿದರು.

ಅವಳು ತಲೆಯಾಡಿಸಿ, ಇನ್ನೊಂದು ಮೊಳೆ ಮೇಲಕ್ಕೆ ಇಡಿ ಎಂದಳು. ರುಮಾಲಿನ ಗಂಟನ್ನು ಒಮ್ಮೆ ಮುಟ್ಟಿ ನೋಡಿ ಓಟದ ಗೆರೆಗೆ ಹಿಂದೆ ನಡೆದಳು. ಮೇಜಿನ ಹತ್ತಿರ ಟಂಡನ್ ಲೇಖನಿ ಕೆಳಗಿಟ್ಟು ಎದ್ದು ನಿಂತರು, ಅವಳ ಜಿಗಿತ ಚೆನ್ನಾಗಿ ಕಾಣಲೆಂದು.